ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು: ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ದೋಷ ಹುಡುಕುವ ಬಗೆ

ಬಿಡಿಭಾಗಗಳನ್ನು ಹೊತ್ತು ತಂದು, ಎರಡು ಸಂಜೆ ನೆಲದ ಮೇಲೆ ಕುಳಿತು ಜೋಡಿಸಿ, ಗುಂಡಿ ಒತ್ತುತ್ತೀರಿ. ಫ್ಯಾನುಗಳು ತಿರುಗುತ್ತವೆ, ಬಣ್ಣದ ದೀಪಗಳು ಹೊತ್ತುತ್ತವೆ, ಮಾನಿಟರ್ ಮಾತ್ರ ಸಿಗ್ನಲ್ ಇಲ್ಲವೆಂದು ಹೇಳಿ ಮಲಗಿಬಿಡುತ್ತದೆ. ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟುವವರನ್ನು ಇಷ್ಟು ಕಾಡುವ ದೋಷ ಇನ್ನೊಂದಿಲ್ಲ. ಏನೂ ಆಗದಿದ್ದರೆ ಕರೆಂಟ್ ಎಲ್ಲಿ ನಿಂತಿದೆ ಎಂದು ಹುಡುಕಬಹುದು. ಸುಟ್ಟ ವಾಸನೆ ಬಂದರೆ ವಾಸನೆಯ ಜಾಗ ನೋಡಬಹುದು. ಎಲ್ಲವೂ ಸರಿಯಿರುವಂತೆ ಕಂಡೂ ಕೆಲಸ ಆಗದಿದ್ದಾಗ ಯಾವುದರ ಮೇಲೆ ಕೈ ಇಡುವುದು?

ಶಿವಮೊಗ್ಗದ ನಮ್ಮ ಮನೆಯಲ್ಲಿ ಹೋದ ಬೇಸಿಗೆಯಲ್ಲಿ ಇದೇ ಕಪ್ಪು ಪರದೆಯ ಮುಂದೆ ನಾಲ್ಕು ದಿನ ಕಳೆದಿದ್ದೇನೆ. ಯಂತ್ರ ಸಾಧಾರಣವಾದದ್ದೇ: ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಮದರ್‌ಬೋರ್ಡ್, ತಲಾ 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಪಟ್ಟಿಗಳು, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ 650 ವ್ಯಾಟ್ ಎಸ್‌ಎಂಪಿಎಸ್. ಆ ನಾಲ್ಕು ದಿನಗಳಲ್ಲಿ ಮೂರು ದಿನ ನಾನು ತಪ್ಪು ಭಾಗವನ್ನೇ ಶಿಕ್ಷಿಸುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಾಗಾಗಿ ಮೊದಲು ದೀಪಗಳ ಮಾತು.

ದೀಪ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈಚಿನ ಬಹಳಷ್ಟು ಮದರ್‌ಬೋರ್ಡುಗಳಲ್ಲಿ 24 ಪಿನ್ನಿನ ದಪ್ಪ ಕೇಬಲ್ ಕೂರುವ ಜಾಗದ ಆಸುಪಾಸಿನಲ್ಲಿ ಸಾಸಿವೆ ಗಾತ್ರದ ನಾಲ್ಕು ದೀಪಗಳಿರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಅಚ್ಚಾಗಿರುತ್ತದೆ. ಯಂತ್ರ ಏಳುವಾಗ ಇವು ಒಂದಾದ ಮೇಲೊಂದು ಹೊತ್ತಿ ಆರುತ್ತವೆ: ಪ್ರೊಸೆಸರ್ ಎದ್ದಿತೇ, ನೆನಪು, ಅಂದರೆ ರ‍್ಯಾಮ್, ಸಿಕ್ಕಿತೇ, ಚಿತ್ರ ಕೊಡುವ ಭಾಗ ಸಿಕ್ಕಿತೇ, ಆಪರೇಟಿಂಗ್ ಸಿಸ್ಟಂ ಇರುವ ಡ್ರೈವ್ ಸಿಕ್ಕಿತೇ. ಎಲ್ಲಿ ತಡೆ ಬಂತೋ ಅಲ್ಲಿನ ದೀಪ ಆರದೆ ನಿಲ್ಲುತ್ತದೆ. ಅಗ್ಗದ ಬೋರ್ಡುಗಳಲ್ಲಿ ದೀಪಗಳಿಲ್ಲದಿದ್ದರೆ, ಪವರ್ ಬಟನ್ನಿನ ತಂತಿ ಕೂರುವ ಪಿನ್ನುಗಳ ಹತ್ತಿರ ಒಂದು ಪುಟ್ಟ ಬೀಪ್ ಸ್ಪೀಕರ್ ಸಿಕ್ಕಿಸಿ, ಬೀಪುಗಳ ಎಣಿಕೆಯನ್ನು ಬೋರ್ಡಿನ ಕೈಪಿಡಿಯೊಂದಿಗೆ ತಾಳೆ ನೋಡಬಹುದು.

ಇಲ್ಲೊಂದು ಎಚ್ಚರ ಬೇಕು. ದೀಪ ಹೇಳುವುದು ಪಯಣ ಎಲ್ಲಿ ನಿಂತಿತು ಎಂಬುದನ್ನು ಮಾತ್ರ, ಯಾರಿಂದ ನಿಂತಿತು ಎಂಬುದನ್ನಲ್ಲ. ಬಸ್ಸು ತೀರ್ಥಹಳ್ಳಿಯಲ್ಲಿ ನಿಂತರೆ ತಪ್ಪು ತೀರ್ಥಹಳ್ಳಿಯದೇ ಆಗಬೇಕೆಂದಿಲ್ಲ. ಡಿರ‍್ಯಾಮ್ ದೀಪ ಹೊತ್ತಿದ ಮಾತ್ರಕ್ಕೆ ರ‍್ಯಾಮ್ ಸತ್ತಿದೆ ಎಂದು ತೀರ್ಮಾನಿಸಿ ಹೊಸ ರ‍್ಯಾಮ್ ತರಿಸುವವರು ಬಹಳ. ನಾನೂ ತರಿಸುವುದರಲ್ಲಿದ್ದೆ.

ಬೂಟ್ ದೀಪವೊಂದೇ ಉಳಿದು ಪರದೆಯಲ್ಲಿ ಏನಾದರೂ ಬರಹ ಕಾಣುತ್ತಿದ್ದರೆ ಗಾಬರಿ ಬೇಡ. ಹೊಸ ಡ್ರೈವಿನಲ್ಲಿ ಇನ್ನೂ ಆಪರೇಟಿಂಗ್ ಸಿಸ್ಟಂ ಇಲ್ಲ, ಅಷ್ಟೇ.

ಮೊದಲ ಸಲವಾದರೆ ಸುಮ್ಮನೆ ಕಾಯಿರಿ

ಡಿಡಿಆರ್5 ಇರುವ ಯಂತ್ರ ಮೊದಲ ಬಾರಿ ಏಳುವಾಗ ಪ್ರೊಸೆಸರ್ ತನ್ನ ರ‍್ಯಾಮಿನೊಂದಿಗೆ ಹೊಂದಾಣಿಕೆ ಮಾಡಿಕೊಳ್ಳಬೇಕು. ಯಾವ ತಂತಿಯಲ್ಲಿ ಸಂಕೇತ ಎಷ್ಟು ತಡವಾಗಿ ಬರುತ್ತದೆ, ಯಾವ ವೋಲ್ಟೇಜಿನಲ್ಲಿ ಸ್ಪಷ್ಟವಾಗಿ ಓದಬಹುದು ಎಂದು ಅದು ಒಂದೊಂದಾಗಿ ಅಳೆದು ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ, ಡಿರ‍್ಯಾಮ್ ದೀಪ ಹೊತ್ತೇ ಇರುತ್ತದೆ, ಕೆಲವು ಬೋರ್ಡುಗಳು ನಡುವೆ ತಾವೇ ಆರಿ ಮತ್ತೆ ಏಳುವುದೂ ಉಂಟು. ಕೆಲವು ನಿಮಿಷ ಹಿಡಿಯುವುದು ಸಹಜ. ರ‍್ಯಾಮ್ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ನಾನು ಮೊದಲ ದಿನ ಒಂದು ನಿಮಿಷ ನೋಡಿ ಗುಂಡಿ ಒತ್ತಿ ಆರಿಸಿದೆ, ಮತ್ತೆ ಹಾಕಿದೆ, ಮತ್ತೆ ಆರಿಸಿದೆ. ಪ್ರತಿ ಸಲವೂ ಅದು ಮೊದಲಿನಿಂದ ಶುರು ಮಾಡುತ್ತಿತ್ತು. ಕೊನೆಗೆ ಮನೆಯವರು ಊಟಕ್ಕೆ ಕರೆದರು, ಆರಿಸುವುದನ್ನು ಮರೆತು ಎದ್ದು ಹೋದೆ. ಕೈ ತೊಳೆದು ಬರುವಷ್ಟರಲ್ಲಿ ಬಯೋಸ್ (ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಪರದೆ ತೆರೆದುಕೊಂಡಿತ್ತು.

ಆದ್ದರಿಂದ ಹೊಸ ಯಂತ್ರವಾಗಲಿ, ರ‍್ಯಾಮ್ ಬದಲಿಸಿದ ಯಂತ್ರವಾಗಲಿ, ಬಯೋಸ್ ಸೆಟ್ಟಿಂಗುಗಳನ್ನು ಅಳಿಸಿದ ಯಂತ್ರವಾಗಲಿ, 15 ನಿಮಿಷ ಕಳೆಯುವ ತನಕ ಅದಕ್ಕೆ ದೋಷವಿದೆ ಎನ್ನಬೇಡಿ.

ಕ್ಯಾಬಿನೆಟ್ ಬಿಚ್ಚುವ ಮೊದಲು

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲ್ ಕಾರ್ಡಿನ ಬಾಯಿಗೇ ಹೋಗಬೇಕು, ಮೇಲಿರುವ ಮದರ್‌ಬೋರ್ಡಿನ ಎಚ್‌ಡಿಎಂಐಗಲ್ಲ. ಕಾರ್ಡ್ ಇಲ್ಲದಿದ್ದರೆ ನಿಮ್ಮ ಪ್ರೊಸೆಸರಿಗೆ ಚಿತ್ರ ಕೊಡುವ ಶಕ್ತಿ ಇದೆಯೇ ನೋಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ. ಎಎಂಡಿಯ ರೈಜನ್ 5 5600ಕ್ಕೆ ಇಲ್ಲ, 5600ಜಿಗೆ ಇದೆ. ರೈಜನ್ 7000 ಸರಣಿಯಲ್ಲಿ ಎಫ್ ಅಂಟಿದವನ್ನು ಬಿಟ್ಟು ಉಳಿದವಕ್ಕೆ ಇದೆ. ಒಂದಕ್ಷರದ ವ್ಯತ್ಯಾಸಕ್ಕೆ ಬೆಲೆ ಕಡಿಮೆಯೆಂದು ಕೊಂಡು, ಕಾರ್ಡ್ ಆಮೇಲೆ ಹಾಕಿದರಾಯಿತು ಎಂದುಕೊಂಡವರಿಗೆ ಯಾವ ದೋಷವೂ ಇಲ್ಲದೆ ಕಪ್ಪು ಪರದೆ ದೊರೆಯುತ್ತದೆ.

ಇನ್ನೊಂದು, ಬೋರ್ಡಿನ ಮೇಲೆಡ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಕೇಬಲ್. ಅದನ್ನು ಮರೆತರೂ ಫ್ಯಾನುಗಳು ತಿರುಗುತ್ತವೆ, ಏಕೆಂದರೆ ಫ್ಯಾನಿಗೆ ಕರೆಂಟ್ ಹೋಗುವುದು 24 ಪಿನ್ನಿನ ದಾರಿಯಲ್ಲಿ. ಗ್ರಾಫಿಕ್ಸ್ ಕಾರ್ಡಿಗೂ 8 ಪಿನ್ನಿನದೇ ಕೇಬಲ್ ಇರುವುದರಿಂದ ಗೊಂದಲ ಸಹಜ. ಪ್ರೊಸೆಸರಿನದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಬೇರೆಯಾಗುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಕೇಬಲ್ಲುಗಳನ್ನು ಬಿಡಿಸಿ ತೆಗೆಯಬಹುದಾದ ಎಸ್‌ಎಂಪಿಎಸ್ ನಿಮ್ಮದಾದರೆ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ಬಾಯಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು; 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡ್ರೈವ್ ಕ್ಷಣದಲ್ಲಿ ಸುಡುತ್ತದೆ.

ಬರಿದು ಮಾಡಿ ನೋಡುವುದು

ಇಷ್ಟರಲ್ಲಿ ಸಿಗದಿದ್ದರೆ ಪ್ಲಗ್ ಕೀಳಿ, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ, ಒಂದೊಂದಾಗಿ ತೆಗೆಯುತ್ತ ಬನ್ನಿ. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಪಟ್ಟಿ, 24 ಪಿನ್ ಮತ್ತು 8 ಪಿನ್ ಕೇಬಲ್ಲು ಇಷ್ಟೇ ಉಳಿಯಲಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್ ಇರಲಿ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಯುಎಸ್‌ಬಿಗೆ ಸಿಕ್ಕಿಸಿದ್ದೆಲ್ಲವೂ ಹೊರಗೆ. ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ತಂತಿಗಳನ್ನೂ ಬಿಚ್ಚಿ, ಬೋರ್ಡಿನ ಮೇಲಿನ ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಮುಟ್ಟಿಸಿದರೆ ಯಂತ್ರ ಶುರುವಾಗುತ್ತದೆ. ಗುಂಡಿಯೇ ಅಂಟಿಕೊಂಡಿದ್ದ ಪ್ರಕರಣಗಳನ್ನು ನೋಡಿದ್ದೇನೆ.

ಸಾಧ್ಯವಾದರೆ ಬೋರ್ಡನ್ನು ಪೂರ್ತಿ ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಕ್ಯಾಬಿನೆಟ್ಟಿನಲ್ಲಿ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವೆ. ಬೋರ್ಡಿನಲ್ಲಿ ತೂತು ಇಲ್ಲದ ಜಾಗದಲ್ಲಿ ಒಂದು ಕಂಬ ಉಳಿದುಬಿಟ್ಟರೆ ಅದು ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ. ಪೆಟ್ಟಿಗೆಯ ಮೇಲೆ ಕೆಲಸ ಮಾಡಿ ಕ್ಯಾಬಿನೆಟ್ಟಿನೊಳಗೆ ಮಾಡದಿದ್ದರೆ ಹುಡುಕಬೇಕಾದದ್ದು ಆ ಕಂಬವನ್ನೇ.

ರ‍್ಯಾಮ್ ಕೂರಿಸುವಾಗ ಬಹುತೇಕರು ಮೃದುವಾಗಿಬಿಡುತ್ತಾರೆ. ಈಗಿನ ಅನೇಕ ಬೋರ್ಡುಗಳಲ್ಲಿ ಚಿಲಕ ಒಂದೇ ತುದಿಗೆ ಇರುತ್ತದೆ, ಇನ್ನೊಂದು ತುದಿ ಅಲ್ಲಾಡುವುದಿಲ್ಲ. ಚಿಲಕವಿರುವ ಕಡೆ ಟಕ್ ಎಂದ ಮಾತ್ರಕ್ಕೆ ಆಚೆ ತುದಿಯೂ ಕೂತಿದೆ ಎಂದಲ್ಲ. ಎರಡು ಹೆಬ್ಬೆರಳಿಂದ ಎರಡೂ ತುದಿಯನ್ನು ಒತ್ತಿ, ಪಕ್ಕದಿಂದ ಬಗ್ಗಿ ನೋಡಿ, ಚಿನ್ನದ ಬಣ್ಣದ ಅಂಚು ಒಂದು ಕಡೆ ಮಾತ್ರ ಇಣುಕುತ್ತಿರಬಾರದು. ಒಂದೇ ಪಟ್ಟಿಯಾದರೆ ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ಅಂದರೆ ಎ2. ಎರಡಿದ್ದರೆ ಎರಡು ಮತ್ತು ನಾಲ್ಕು, ಅಂದರೆ ಎ2 ಮತ್ತು ಬಿ2. ಇಲ್ಲಿ ಎ, ಬಿ ಎಂದರೆ ಪ್ರೊಸೆಸರಿನಿಂದ ರ‍್ಯಾಮಿಗೆ ಹೋಗುವ ಎರಡು ದಾರಿಗಳು, ಅಂದರೆ ಚಾನೆಲ್ಲುಗಳು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹಳೆಯ ರ‍್ಯಾಮಿನ ಅಂಚಿಗೆ ಮಂಕು ಕಟ್ಟುತ್ತದೆ. ಶಾಲೆಯ ಬಿಳಿ ರಬ್ಬರಿನಿಂದ ಉಜ್ಜುವ ಅಂಗಡಿಯವರ ಪದ್ಧತಿ ಕೆಲಸ ಮಾಡುವುದು ನಿಜ, ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿಸಿದ ಬಟ್ಟೆ ಮೇಲು.

ಈ ಹಂತದಲ್ಲಿ ಬಯೋಸ್ ಸೆಟ್ಟಿಂಗುಗಳನ್ನೂ ಅಳಿಸಿಬಿಡಿ. ಪ್ಲಗ್ ಕಿತ್ತ ಮೇಲೆ ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಸಾಕು. ರ‍್ಯಾಮನ್ನು ಪೆಟ್ಟಿಗೆಯ ಮೇಲೆ ಬರೆದ 6000ದ ವೇಗಕ್ಕೆ ಏರಿಸಿದ ಬಳಿಕ ಪರದೆ ಹೋಗಿದ್ದರೆ ದೋಷ ಅಲ್ಲಿಗೇ ಮುಗಿಯಿತು. ಯಂತ್ರ 4800ರಂಥ ಮೂಲ ವೇಗದಲ್ಲಿ ಎದ್ದು ಬರುತ್ತದೆ. ಹೊಸ ಪ್ರೊಸೆಸರ್, ಹಳೆಯ ಬೋರ್ಡ್ ಎಂಬ ಜೋಡಿಯಾದರೆ ಬಯೋಸ್ ಆವೃತ್ತಿಯೇ ಅಡ್ಡಿಯಾಗಿರಬಹುದು. ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡಿಗೆ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಿಂದ, ಪ್ರೊಸೆಸರ್ ಇಲ್ಲದೆಯೂ ಹೊಸ ಬಯೋಸ್ ತುಂಬಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದೆ, ಮುಂದಿನ ತಿಂಗಳು ಅದೇ ದೋಷ ಮತ್ತೆ ಬಂದಾಗ ನೀವು ಮತ್ತೆ ಒಂದನೆಯ ತರಗತಿಯಲ್ಲೇ.

ನನ್ನ ಬಿ ಚಾನೆಲ್ಲಿನ ಕಥೆ

ನನ್ನ ಯಂತ್ರ ಮೂರು ವಾರ ಚೆನ್ನಾಗಿ ನಡೆಯಿತು. ಬೇಸಿಗೆ ಏರುತ್ತಿದ್ದಂತೆ ಜೊತೆಗೆ ಬಂದಿದ್ದ ಸಣ್ಣ ಕೂಲರ್ ತೆಗೆದು ದೊಡ್ಡದೊಂದನ್ನು ಕೂರಿಸಿದೆ. ಆ ರಾತ್ರಿ, ಮರುದಿನ, ಅದರ ಮರುದಿನವೂ ಎಲ್ಲ ಸರಿ. ನಾಲ್ಕನೆಯ ಬೆಳಿಗ್ಗೆ ಕಪ್ಪು ಪರದೆ, ಡಿರ‍್ಯಾಮ್ ದೀಪ. ಹದಿನೈದು ನಿಮಿಷ ಕಾದೆ, ದೀಪ ಕದಲಲಿಲ್ಲ.

ಎರಡು ಪಟ್ಟಿಗಳಿಗೆ ಪೆನ್ಸಿಲ್ಲಿನಿಂದ ಒಂದು, ಎರಡು ಎಂದು ಗುರುತು ಹಾಕಿ ಹಾಳೆಯೊಂದರ ಮೇಲೆ ಬರೆಯುತ್ತ ಹೋದೆ. ಒಂದನೆಯದು ಎ2ರಲ್ಲಿ: ಏಳುತ್ತದೆ. ಎರಡನೆಯದು ಎ2ರಲ್ಲಿ: ಏಳುತ್ತದೆ. ಒಂದನೆಯದು ಬಿ2ರಲ್ಲಿ: ಇಲ್ಲ. ಎರಡನೆಯದು ಬಿ2ರಲ್ಲಿ: ಇಲ್ಲ. ಬಿ1ರಲ್ಲಿ ಯಾವುದೂ ಇಲ್ಲ. ಅಂದರೆ ಎರಡು ಪಟ್ಟಿಗಳೂ ಜೀವಂತ, ಬಿ ಎಂಬ ಇಡೀ ದಾರಿಯೇ ಮುಚ್ಚಿದೆ. ಈ ನಾಲ್ಕೈದು ಸಾಲಿನ ಹಾಳೆ ಹೊಸ ರ‍್ಯಾಮಿನ ಖರ್ಚು ಉಳಿಸಿತು. ಆದರೆ ಅಲ್ಲಿಂದ ನಾನು ಹಾರಿದ್ದು ಇನ್ನೊಂದು ತಪ್ಪು ತೀರ್ಮಾನಕ್ಕೆ: ಸ್ಲಾಟ್ ಹೋಗಿದೆ. ಎರಡು ದಿನ ಸ್ಲಾಟಿಗೆ ಗಾಳಿ ಊದುವುದು, ಬ್ರಷ್ ಹಾಕುವುದು, ಟಾರ್ಚ್ ಬಿಡುವುದು ನಡೆಯಿತು. ಬೋರ್ಡ್ ಕೊಂಡ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಫೋನ್ ಮಾಡಿದರೆ ಆ ಕಡೆಯವರೂ ಅದನ್ನೇ ಹೇಳಿದರು: "ಬೋರ್ಡ್ ಹೋಗಿದೆ ಸರ್. ವಾರಂಟಿ ಇದೆಯಲ್ಲ, ಕಳಿಸಿ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಮರೆಯದೆ ಹಾಕಿ ಕಳಿಸಿ."

ಆ ಮುಚ್ಚಳ ಹಾಕಬೇಕಾದರೆ ಪ್ರೊಸೆಸರ್ ತೆಗೆಯಬೇಕು, ಪ್ರೊಸೆಸರ್ ತೆಗೆಯಲು ಕೂಲರ್ ತೆಗೆಯಬೇಕು. ಕೂಲರ್ ಬಿಚ್ಚಿ ತಿರುಗಿಸಿ ನೋಡಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಮೂಲೆಯಲ್ಲಿ ಲೋಹ ಕಾಣುವಷ್ಟು ತೆಳ್ಳಗೆ ಒತ್ತಿಹೋಗಿತ್ತು, ಎದುರು ಮೂಲೆಯಲ್ಲಿ ಚಟ್ನಿ ಬಡಿಸಿದ ಹಾಗೆ ದಪ್ಪಗೆ ಉಳಿದಿತ್ತು. ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ನಾನು ಕೊನೆಯ ತನಕ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋಗಿದ್ದೆ. ಕೂಲರ್ ಓರೆಯಾಗಿ ಕೂತಿತ್ತು.

ಕೂಲರಿಗೂ ರ‍್ಯಾಮಿಗೂ ಏನು ಸಂಬಂಧ? ರ‍್ಯಾಮನ್ನು ನಿಯಂತ್ರಿಸುವ ಭಾಗ ಈಗ ಮದರ್‌ಬೋರ್ಡಿನಲ್ಲಿಲ್ಲ, ಪ್ರೊಸೆಸರಿನೊಳಗೇ ಇದೆ. ಎಎಂ5 ಸಾಕೆಟ್ಟಿನಲ್ಲಿ ಬಾಗಿದ ಎಳೆಯಂಥ 1718 ಸ್ಪ್ರಿಂಗ್ ಪಿನ್ನುಗಳ ಮೇಲೆ ಪ್ರೊಸೆಸರ್ ಸುಮ್ಮನೆ ಒರಗಿ ಕೂತಿರುತ್ತದೆ, ಬೆಸುಗೆ ಇಲ್ಲ. ಅವುಗಳಲ್ಲಿ ಒಂದಷ್ಟು ಎ ಚಾನೆಲ್ಲಿನವು, ಒಂದಷ್ಟು ಬಿ ಚಾನೆಲ್ಲಿನವು. ಮೇಲಿನ ಒತ್ತಡ ಒಂದು ಮೂಲೆಗೆ ವಾಲಿದರೆ ಎದುರು ಮೂಲೆಯ ಕೆಲವು ಪಿನ್ನುಗಳ ಸ್ಪರ್ಶ ಸಡಿಲವಾಗುತ್ತದೆ. ಕಾಯುತ್ತ ತಣಿಯುತ್ತ ಲೋಹ ಹಿಗ್ಗಿ ಕುಗ್ಗುವುದರಿಂದ ದೋಷ ಮೊದಲ ದಿನವೇ ಕಾಣದೆ ನಾಲ್ಕನೆಯ ದಿನ ಕಾಣಬಹುದು. ಡಿರ‍್ಯಾಮ್ ದೀಪ ಸುಳ್ಳು ಹೇಳಿರಲಿಲ್ಲ. ನಾನು ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿರಲಿಲ್ಲ, ಅಷ್ಟೇ. ಕೊನೆಯದಾಗಿ ನೀನು ಮುಟ್ಟಿದ್ದು ಯಾವುದು ಎಂಬ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು.

ಪ್ರೊಸೆಸರ್ ಎತ್ತಿ, ಸಾಕೆಟ್ಟಿಗೆ ಮೊಬೈಲ್ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ನೋಡಿದೆ. ಪಿನ್ನುಗಳೆಲ್ಲ ನಾಟಿ ಮಾಡಿದ ಗದ್ದೆಯಂತೆ ಸಾಲಾಗಿ ಒಂದೇ ದಿಕ್ಕಿಗೆ ಬಾಗಿದ್ದವು. ಒಂದು ಪಿನ್ ಬೇರೆ ದಿಕ್ಕಿಗೆ ಹೊಳೆದರೂ ಸಾಲು ಕೆಟ್ಟು ಕಾಣುತ್ತದೆ. ಹಾಗೆ ಬಾಗಿದ್ದು ಕಂಡರೆ ಬೆರಳು ಹಾಕದೆ ತಿಳಿದವರಿಗೆ ಒಪ್ಪಿಸಿ. ನನ್ನದರಲ್ಲಿ ಹಾಗೇನೂ ಇರಲಿಲ್ಲ. ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಕಡಲೆ ಗಾತ್ರಕ್ಕಿಂತ ಸ್ವಲ್ಪ ಕಡಿಮೆ ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಅರ್ಧರ್ಧ ಸುತ್ತು ಬಿಗಿಯುತ್ತ, ತಾನಾಗಿ ತಡೆದು ನಿಂತಲ್ಲಿ ಕೈ ನಿಲ್ಲಿಸಿದೆ. ಬಿ2ಕ್ಕೆ ಎರಡನೆಯ ಪಟ್ಟಿ ಹಾಕಿ ಗುಂಡಿ ಒತ್ತಿದೆ. ಮೂರು ನಿಮಿಷದ ಟ್ರೈನಿಂಗ್, ಆಮೇಲೆ 32 ಜಿಬಿ. ಆ ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆ ಓಡಿಸಿ ಮಲಗಿದೆ. ಬೆಳಿಗ್ಗೆ ಒಂದು ತಪ್ಪೂ ಇರಲಿಲ್ಲ. ಸಾಕೆಟ್ಟಿನ ಮುಚ್ಚಳ ವಾರದ ನಂತರ ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು.

ಗುಂಡಿ ಒತ್ತಿದರೂ ಉಸಿರೇ ಇಲ್ಲದಿದ್ದರೆ

ಇದು ಬೇರೆ ಕಾಯಿಲೆ, ಹುಡುಕಾಟವೂ ಚಿಕ್ಕದು. ಗೋಡೆಯ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ, ಎಸ್‌ಎಂಪಿಎಸ್ ಬೆನ್ನಿನ ಸ್ವಿಚ್ ನೋಡಿ, ಬೋರ್ಡಿನ ಪವರ್ ಪಿನ್ನುಗಳನ್ನು ನೇರವಾಗಿ ಮುಟ್ಟಿಸಿ ನೋಡಿ. ಆಗಲೂ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ 24 ಪಿನ್ನಿನ ಕೇಬಲ್ಲನ್ನು ಬೋರ್ಡಿನಿಂದ ಬಿಡಿಸಿ, ಅದರ 16ನೆಯ ಪಿನ್ನನ್ನು ಪಕ್ಕದ ಯಾವುದಾದರೂ ಗ್ರೌಂಡ್ ಪಿನ್ನಿಗೆ ಕಾಗದಕ್ಕೆ ಹಾಕುವ ಲೋಹದ ಕ್ಲಿಪ್ಪಿನಿಂದ ಸೇರಿಸಿ, ಆಮೇಲೆ ಕರೆಂಟ್ ಕೊಡಿ. ಬಣ್ಣದ ತಂತಿಗಳಿರುವ ಕೇಬಲ್ಲಿನಲ್ಲಿ 16ನೆಯದು ಹಸಿರು, ಗ್ರೌಂಡ್ ಕಪ್ಪು. ಒಂದು ಫ್ಯಾನನ್ನೋ ಹಳೆಯ ಹಾರ್ಡ್ ಡಿಸ್ಕನ್ನೋ ಹೊರೆಯಾಗಿ ಸಿಕ್ಕಿಸಿಡಿ. ಎಸ್‌ಎಂಪಿಎಸ್ ಎದ್ದರೆ ಮಲ್ಟಿಮೀಟರ್ ಹಿಡಿಯಿರಿ: 12 ವೋಲ್ಟಿನ ಸಾಲು 11.4ರಿಂದ 12.6ರ ಒಳಗೆ, 5 ವೋಲ್ಟಿನದು 4.75ರಿಂದ 5.25ರ ಒಳಗೆ ಇರಬೇಕು. ಇದು ಪಾಸಾಗಲು ಬೇಕಾದ ಕನಿಷ್ಠ ಅಂಕ ಮಾತ್ರ. ಗ್ರಾಫಿಕ್ಸ್ ಕಾರ್ಡಿನ ನಿಜವಾದ ಹೊರೆ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಏನೇ ಆದರೂ ಎಸ್‌ಎಂಪಿಎಸ್ ಡಬ್ಬಿಯ ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಡುವ ಕೆಪ್ಯಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದು, ಕರೆಂಟ್ ಹೋದಾಗ ಆರುವುದು

ಹಳೆಯ ಮನೆಗಳಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಸವರಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಮಂದವಾಗಿ ಹೊತ್ತುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಬದಲಿಸಿದರೆ ಹೊಸದರಲ್ಲೂ ಅದೇ. ಸಾಮಾನ್ಯವಾಗಿ ಇದು ಗೋಡೆಯ ದೋಷ. ಎಸ್‌ಎಂಪಿಎಸ್‌ನ ಬಾಯಲ್ಲಿ ಕರೆಂಟಿನ ಗದ್ದಲ ಸೋಸುವ ಕೆಪ್ಯಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಅರ್ಥಿಗೆ ಸೇರಿರುತ್ತವೆ. ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಅತ್ಯಲ್ಪವಾದರೂ ಅದನ್ನು ಹಾಗೇ ಬಿಡುವಂತಿಲ್ಲ: ಮುಂದೊಂದು ದಿನ ನಿಜವಾದ ಸೋರಿಕೆ ಆದರೆ ಅದನ್ನು ಒಯ್ಯಲು ದಾರಿ ಇಲ್ಲ. ಇನ್ನೊಂದೆಡೆ ಅರ್ಥ್ ಆದ ಉಪಕರಣಕ್ಕೆ ಎಚ್‌ಡಿಎಂಐ ಸಿಕ್ಕಿಸುವಾಗ ಕಿಡಿ ಹಾರಿ ಪೋರ್ಟ್ ಸಾಯುವುದೂ ಉಂಟು. ಎಲೆಕ್ಟ್ರಿಷಿಯನ್ ಬಂದು ಫೇಸ್ ಮತ್ತು ಅರ್ಥ್ ನಡುವೆ ಅಳೆದರೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ ಕೆಲವೇ ವೋಲ್ಟ್ ಬರಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೆಯ ತಂತಿಯೇ ಒಳಗೆ ಸೇರಿಸದೆ ಬಿಟ್ಟಿದ್ದನ್ನೂ ಕಂಡಿದ್ದೇನೆ.

ಯಂತ್ರ ನಡೆಯುತ್ತಿದ್ದಾಗ ದಿಢೀರನೆ ಆರಿ ಮತ್ತೆ ಏಳುತ್ತಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ಅದನ್ನು ಓದಿ ಎಸ್‌ಎಂಪಿಎಸ್ ಕೊಳ್ಳಲು ಓಡಬೇಡಿ. ಅದೂ ಆ ಡಿರ‍್ಯಾಮ್ ದೀಪದ ಅಣ್ಣ: ಸರಿಯಾಗಿ ಮುಚ್ಚದೆ ನಿಂತಿತು ಎನ್ನುತ್ತದೆ, ಏಕೆಂದು ಹೇಳುವುದಿಲ್ಲ. ಆಟವಾಡುವಾಗ ಮಾತ್ರ ಹೀಗಾದರೆ ಬಿಸಿ ಮತ್ತು ಎಸ್‌ಎಂಪಿಎಸ್ ಕಡೆ ನೋಡಿ. ಸಮಯದ ಗುರುತಿಲ್ಲದೆ ಆದರೆ ಪಕ್ಕದಲ್ಲೊಂದು ಚೀಟಿ ಇಟ್ಟು ಆರಿದ ಹೊತ್ತನ್ನೆಲ್ಲ ಬರೆದಿಡಿ.

ನಮ್ಮ ಮನೆಯ ಚೀಟಿಯಲ್ಲಿದ್ದ ಹೊತ್ತುಗಳೆಲ್ಲ ಕರೆಂಟ್ ಹೋದ ಹೊತ್ತುಗಳೇ ಆಗಿದ್ದವು. ಕಂಪ್ಯೂಟರ್ ಇನ್ವರ್ಟರಿನ ಸಾಲಿನಲ್ಲಿದ್ದರೂ ಆರುತ್ತಿತ್ತು. ಗೋಡೆಯ ಕರೆಂಟ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನಲ್ಲಿ ಉಳಿದದ್ದರಿಂದ ಯಂತ್ರವನ್ನು ಎತ್ತಿಹಿಡಿಯುವುದು ಸುಮಾರು 16 ಮಿಲಿಸೆಕೆಂಡಿನಷ್ಟು ಹೊತ್ತು. ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬ್ಯಾಟರಿಗೆ ಹೊರಳಿದರೆ ಟ್ಯೂಬ್‌ಲೈಟಿಗೆ ತೊಂದರೆಯಿಲ್ಲ, ಕಂಪ್ಯೂಟರಿಗೆ ಇದೆ. ಅನೇಕ ಇನ್ವರ್ಟರುಗಳಲ್ಲಿ ಇದಕ್ಕೆಂದೇ ಯುಪಿಎಸ್ ಎಂದು ಬರೆದ ಒಂದು ಚಿಕ್ಕ ಸ್ವಿಚ್ ಇರುತ್ತದೆ. ನಮ್ಮದರಲ್ಲಿ ಅದು ಬೆನ್ನಿನ ಮೇಲೆ, ಧೂಳಿನ ಕೆಳಗೆ ಇತ್ತು. ಚೌಕಾಕಾರದ ಅಲೆ ಕೊಡುವ ಹಳೆಯ ಇನ್ವರ್ಟರ್ ಆದರೆ ಈ ಸ್ವಿಚ್ಚೂ ಸಾಲದು, ಇಂದಿನ ಎಸ್‌ಎಂಪಿಎಸ್‌ಗಳು ಅದರೊಂದಿಗೆ ಗುಂಯ್‌ಗುಡುತ್ತವೆ, ಸೈನ್ ವೇವ್‌ನದೇ ಬೇಕು. ನಮ್ಮದು ಸೈನ್ ವೇವ್. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿದ ಮೇಲೆ ಕರೆಂಟ್ ಹೋದರೆ ಫ್ರಿಜ್ ನಿಲ್ಲುವ ಸದ್ದಿನಿಂದ ಮಾತ್ರ ನನಗೆ ಗೊತ್ತಾಗುತ್ತದೆ.